ಅಡುಗೆಮನೆಯ ಸಂಧಿಪ್ರಕರಣ

ಎರಡು ಪದಗಳು ಕೂಡುವಾಗ ಒಂದೋ ಏನಾದರೂ ಬಿಟ್ಟುಹೋಗುತ್ತದೆ, ಇಲ್ಲವೇ ಏನಾದರೂ ಬಂದು ಸೇರುತ್ತದೆ. ಊರು ಮತ್ತು ಊರು ಕೂಡಿ ಊರೂರು ಆಗುವಾಗ ಒಂದು ಉಕಾರ ಹೋಗುತ್ತದೆ. ಗುರು ಎಂಬುದಕ್ಕೆ ಅನ್ನು ಸೇರುವಾಗ ಹಾಗೆ ಬಿಡುವಂತಿಲ್ಲ, ಗುರುವೇ ಇಲ್ಲವಾಗುತ್ತಾನೆ. ಅದಕ್ಕೇ ನಡುವೆ ವಕಾರ ಬಂದು ಗುರುವನ್ನು ಎಂದಾಗುತ್ತದೆ. ಅರ್ಥ ಕೆಡದಿದ್ದರೆ ಮಾತ್ರ ಲೋಪ ಎಂದು ಶಾಲೆಯಲ್ಲೇ ಕಲಿತಿರುತ್ತೇವೆ. ನಾನು ಹಳಗನ್ನಡ ವ್ಯಾಕರಣದ ಮೇಲೆ ಪಿಎಚ್.ಡಿ. ಮಾಡುತ್ತಿರುವವಳು. ಕೇಶಿರಾಜನ ‘ಶಬ್ದಮಣಿದರ್ಪಣ’ದ ಸಂಧಿಪ್ರಕರಣ ನನ್ನ ಮೇಜಿನ ಮೇಲೆ ನಾಲ್ಕು ವರ್ಷದಿಂದ ತೆರೆದೇ ಇದೆ. ಕಳೆದ ಆಷಾಢದಲ್ಲಿ ಅದನ್ನು ಮುಚ್ಚಿಟ್ಟು ಸಾಗರದ ಮನೆಗೆ ಹೋಗಿ, ಎರಡು ವಾರ ಮರ ಕೊಯ್ದೆ.

ಅಮ್ಮನಿಗೆ ಗ್ಲಾಕೋಮಾ. ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಕಾಣುತ್ತದೆ, ಅಂಚಿನದು ಕಾಣುವುದಿಲ್ಲ. ಔಷಧಿ ಇರುವುದು ಇದ್ದ ದೃಷ್ಟಿ ಉಳಿಸಿಕೊಳ್ಳುವುದಕ್ಕೆ, ಹೋದದ್ದು ಮರಳುವುದಿಲ್ಲ. ಅಡುಗೆಮನೆಯ ದೊಡ್ಡ ಡ್ರಾಯರಿನಲ್ಲಿ ಸೌಟು, ಚಮಚ, ಲಟ್ಟಣಿಗೆ, ಚಾಕು ಎಲ್ಲ ಒಟ್ಟಿಗೇ ಬಿದ್ದಿರುತ್ತಿದ್ದವು. ಎರಡು ಸಲ ಬೆರಳು ಕುಯ್ದುಕೊಂಡ ಮೇಲೆ ಅಪ್ಪ ಚಾಕುಗಳನ್ನೆಲ್ಲ ಎತ್ತಿ ಅಟ್ಟದ ಮೇಲಿಟ್ಟರು. “ತರಕಾರಿ ಹೆಚ್ಚೋಕೆ ಚಾಕು ಕೊಡಿ ಅಂತ ದಿನಾ ನಿಮ್ಮಪ್ಪನ ಹತ್ರ ಕೇಳ್ಬೇಕಾ ನಾನು?” ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ.

ಬೇಕಾಗಿದ್ದದ್ದು ಡ್ರಾಯರಿನೊಳಗೆ ಕೂರುವ ಒಂದು ಮರದ ಚೌಕಟ್ಟು. ಒಂದು ಅಡ್ಡಪಟ್ಟಿ, ಎರಡು ಉದ್ದಪಟ್ಟಿ, ಒಟ್ಟು ಆರು ಖಾನೆ. ಅಂಗಡಿಯ ಪ್ಲಾಸ್ಟಿಕ್ ತಟ್ಟೆಗಳು ನಮ್ಮ ಸೌಟಿನ ಉದ್ದಕ್ಕೆ ಸಾಲುತ್ತಿರಲಿಲ್ಲ. ಹಳೆಯ ಮಂಚ ಬಿಚ್ಚಿದ ಹಲಸಿನ ಹಲಗೆಗಳು ಕೊಟ್ಟಿಗೆಯಲ್ಲಿದ್ದವು. ಬೀದಿಯ ಕೊನೆಯ ಮನೆಯ ಆಚಾರ್ರು, ಈಗ ಕೆಲಸ ಬಿಟ್ಟವರು, ಉಳಿ ಗರಗಸ ಸಮೇತ ಬಂದು ಕೂತರು. “ನಾ ಹೇಳ್ತೀನಿ, ನೀ ಮಾಡು ಮಗಾ. ನನ್ನ ಕೈ ನಡುಗ್ತದೆ.”

ಪಟ್ಟಿಗಳು ಒಂದನ್ನೊಂದು ದಾಟುವ ಕಡೆ ಅರ್ಧ ಕಚ್ಚು. ಪಟ್ಟಿಯ ಎತ್ತರ 60 ಮಿಲಿಮೀಟರ್, ದಪ್ಪ 6. ಅಡ್ಡಪಟ್ಟಿಗೆ ಮೇಲಿಂದ 30 ಮಿಲಿಮೀಟರ್ ಸೀಳು, ಉದ್ದಪಟ್ಟಿಗೆ ಕೆಳಗಿಂದ 30. ಒಂದರೊಳಗೊಂದು ಇಳಿದಾಗ ಎರಡರ ಮೇಲಂಚೂ ಸಮ. ವ್ಯಾಕರಣದ ಲೋಪಸಂಧಿಯಲ್ಲಿ ಕಳೆದುಕೊಳ್ಳುವುದು ಹಿಂದಿನ ಪದ ಒಂದೇ. ಇಲ್ಲಿ ಇಬ್ಬರೂ ಸರಿಸಮ ಬಿಟ್ಟುಕೊಡಬೇಕು. ಬಿಟ್ಟುಕೊಡುವುದಕ್ಕೂ ಮಿತಿ ಇದೆ. ಸೀಳು ಮರದ ಎಳೆಗಳನ್ನು ಅಡ್ಡ ಕಡಿಯುತ್ತದೆ, ಆದ್ದರಿಂದ ಕಚ್ಚು ಹೊಡೆದ ಪಟ್ಟಿ ಒಂಟಿಯಾಗಿದ್ದಾಗ ಬಲು ಬಡವ. ಸ್ವಲ್ಪ ಬಗ್ಗಿಸಿದರೂ ಅಲ್ಲೇ ಮುರಿಯುತ್ತದೆ. ಜೊತೆಯದು ಬಂದು ಕೂತ ಮೇಲೆ ಆ ಸಂದು ತುಂಬಿ ಗಟ್ಟಿಯಾಗುತ್ತದೆ.

ಪಟ್ಟಿಯ ತುದಿಗಳಿಗೆ ಬೇರೆ ಉಪಾಯ. ಮರದ ಕೊಯ್ದ ತುದಿ ಗೋಂದನ್ನು ಹೀರಿಬಿಡುತ್ತದೆ, ಅಲ್ಲಿ ಹಿಡಿತ ಕಡಿಮೆ. ಅದಕ್ಕೆ 12 ಮಿಲಿಮೀಟರ್ ದಪ್ಪದ ಚೌಕಟ್ಟಿನಲ್ಲಿ 4 ಮಿಲಿಮೀಟರ್ ಆಳದ ತೋಡು ತೆಗೆದು ತುದಿಯನ್ನು ಅದರೊಳಗೆ ಇಳಿಸುವುದು. ಡ್ರಾಯರಿನ ಒಳ ಅಗಲ 450. ಎರಡೂ ಬದಿಗೆ ಒಂದೊಂದು ಮಿಲಿಮೀಟರ್ ಸಡಿಲ ಬಿಟ್ಟರೆ ಚೌಕಟ್ಟು 448, ಅದರ ಒಳಗು 424, ತೋಡಿನೊಳಗೆ ಹೋಗುವ ಎಂಟು ಸೇರಿ ಅಡ್ಡಪಟ್ಟಿ 432. ಮೂಲೆಗಳಿಗೆ ಡವ್‌ಟೇಲ್ ಮಾಡೋಣವೇ ಎಂದೆ. “ಅದು ಎಳೆಯೋ ಡ್ರಾಯರಿಗೆ. ಇದನ್ನ ಯಾರು ಎಳೀತಾರೆ?” ಎಂದರು ಆಚಾರ್ರು. ಬೆರಳಿಗೆ ಬೆರಳು ಹೆಣೆದಂಥ ಹಲ್ಲು ಕಚ್ಚು ಸಾಕಾಯಿತು. ಗೋಂದು ಹಚ್ಚಿದ್ದು ಆ ನಾಲ್ಕು ಮೂಲೆಗಳಿಗೆ ಮಾತ್ರ.

ಮಳೆಗಾಲದಲ್ಲಿ ಮರಗೆಲಸ ಬೇಡವೆಂದು ಅಪ್ಪ ಗೊಣಗಿದರು. ಆಚಾರ್ರದು ಬೇರೆ ಲೆಕ್ಕ. ಮರ ಥಂಡಿ ಕುಡಿದು ಅಡ್ಡಕ್ಕೆ ಉಬ್ಬುತ್ತದೆ, ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ. ಅಂದರೆ ಪಟ್ಟಿಯ ದಪ್ಪ ಕೂದಲೆಳೆಯಷ್ಟು ಹೆಚ್ಚುತ್ತದೆ, ಅದು ಕೂರಬೇಕಾದ ಸೀಳಿನ ಅಗಲ ಇದ್ದಷ್ಟೇ ಇರುತ್ತದೆ. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ್ದು ಆಷಾಢದಲ್ಲಿ ಅಲ್ಲಾಡದೆ ಕಚ್ಚಿಕೊಳ್ಳಬಹುದು. ಉಬ್ಬಿದಾಗಲೇ ಅಳತೆ ಹಿಡಿದರೆ ಬೇಸಿಗೆಯಲ್ಲಿ ತುಸು ಸಡಿಲವಾದೀತು, ಅಷ್ಟೆ. ನಮಗೆ ಸಡಿಲವೇ ಬೇಕಿತ್ತು. ಅಮ್ಮನ ಕಣ್ಣು ಮುಂದೆ ಹೇಗಿರುತ್ತದೋ, ಖಾನೆಗಳನ್ನು ಬದಲಿಸಲು ಬರಬೇಕು. ಆದ್ದರಿಂದ ಉದ್ದಪಟ್ಟಿಗಳನ್ನು ಮೇಲಕ್ಕೆ ಎತ್ತಿ ತೆಗೆಯುವಂತೆ ಬಿಟ್ಟು, ಇನ್ನೊಂದು ಜೋಡಿ ತೋಡನ್ನೂ ಅದರ ನೇರಕ್ಕೆ ಅಡ್ಡಪಟ್ಟಿಯಲ್ಲಿ ಇನ್ನೊಂದು ಸೀಳನ್ನೂ ಮೊದಲೇ ಮಾಡಿಟ್ಟೆವು.

ಅಮ್ಮ ಅಷ್ಟೂ ದಿನ ನಮ್ಮ ಪಕ್ಕದಲ್ಲೇ ಕೂತಿದ್ದಳು. ಕೊನೆಯ ದಿನ ಚೌಕಟ್ಟಿನ ಮುಂದಿನ ಅಂಚನ್ನು ಸವರಿ ನೋಡಿ, “ಇಲ್ಲಿ ಗೀರು ಹಾಕು” ಅಂದಳು. ಚಮಚಕ್ಕೆ ಒಂದು, ಸೌಟಿಗೆ ಎರಡು, ಚಾಕುವಿಗೆ ಮೂರು. ಆಚಾರ್ರಿಗೂ ನನಗೂ ಹೊಳೆಯದಿದ್ದ ಸಂಗತಿ. ತ್ರಿಕೋನದ ಅರದಿಂದ ಗೀರಿದೆ. ಅವಳು ಕಣ್ಣು ಮುಚ್ಚಿ ಮೂರು ಗೀರಿನ ಖಾನೆಗೆ ಕೈಹಾಕಿ, ಹಿಡಿಯನ್ನೇ ಹಿಡಿದು ಚಾಕು ತೆಗೆದಳು.

ನಾನೀಗ ಮೈಸೂರಿನಲ್ಲಿದ್ದೇನೆ. ಮಾರ್ಗದರ್ಶಕರಿಗೆ ಸಂಧಿಯ ಅಧ್ಯಾಯ ಇನ್ನೂ ಕೊಡಬೇಕಿದೆ. ಹೊಸ ಹಲಸಿನ ಹಳದಿ ಕಂದಿ ಈಗ ಬೆಲ್ಲದ ಬಣ್ಣವಾಗುತ್ತಿದೆಯೆಂದು ಅಪ್ಪ ಹೇಳುತ್ತಾರೆ. ಕಳೆದ ವಾರ ಅಮ್ಮ ಒಂದು ಉದ್ದಪಟ್ಟಿಯನ್ನು ತಾನೇ ಎತ್ತಿ ಪಕ್ಕದ ತೋಡಿಗೆ ಇಳಿಸಿಕೊಂಡಳಂತೆ. ಯಾಕೆಂದು ಕೇಳಿದೆ. “ಲಟ್ಟಣಿಗೆಗೆ ಜಾಗ ಸಾಲ್ತಿರ್ಲಿಲ್ಲ ಕಣೇ” ಎಂದಳು.