ಹೆಸರು ಒಂದೇ, ಮೆಟೀರಿಯಲ್ ಎರಡು

ಕ್ಯಾಡ್‌ನಲ್ಲಿ ಒಂದು ಪಾರ್ಟ್‌ಗೆ ಅಲ್ಯೂಮಿನಿಯಂ 6061 ಅಂತ ಮೆಟೀರಿಯಲ್ ಕೊಟ್ಟರೆ ಅದರ ಜೊತೆ ಸಾಂದ್ರತೆ, ಯಂಗ್ಸ್ ಮಾಡ್ಯುಲಸ್ ಎಲ್ಲ ಬರುತ್ತೆ. ತೂಕ ಎಷ್ಟು, ಎಷ್ಟು ಬಾಗುತ್ತೆ ಅಂತ ಲೆಕ್ಕ ಹಾಕಬಹುದು. ಬ್ಲೆಂಡರ್‌ನಂಥ ರೆಂಡರಿಂಗ್ ಸಾಫ್ಟ್‌ವೇರ್‌ಗೆ ಇದ್ಯಾವುದೂ ಬೇಡ. ಅದು ಕೇಳೋದು ಬೇರೆಯೇ: ಬಣ್ಣ ಯಾವುದು, ಲೋಹವೋ ಅಲ್ಲವೋ, ಮೇಲ್ಮೈ ಎಷ್ಟು ಒರಟು?

ನಮ್ಮ ಟೀಮಿನ ಪ್ರಾಜೆಕ್ಟ್ ಅಡಿಕೆ ಸುಲಿಯೋ ಮಷಿನ್. ಶಿರಸಿ ಕಡೆಯ ಗೆಳೆಯನೊಬ್ಬ ಮೊದಲ ರೆಂಡರ್ ಚಿತ್ರವನ್ನ ಅವನ ದೊಡ್ಡಪ್ಪನಿಗೆ ತೋರಿಸಿದ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಡಿಕೆಗೆ ತಾಗೋದು ಕಬ್ಬಿಣವಾ ತಮ್ಮಾ? ಒಳಗಿನ ಅಡಿಕೆ ಒಡೆದ್ರೆ ರೇಟ್ ಸಿಗಲ್ಲ.”

ನಮ್ಮ ರೋಲರ್ ರಬ್ಬರ್‌ನದು. ಅಡಿಕೆ ಒಡೆಯಬಾರದು ಅಂತಲೇ ಹಾಗೆ ಮಾಡಿದ್ದು. ಆದರೆ ಮಾಡೆಲ್ ಎಸ್‌ಟಿಎಲ್ ಫೈಲ್ ಆಗಿ ದಾಟಿತ್ತು. ಎಸ್‌ಟಿಎಲ್ ಅಂದ್ರೆ ಬರೀ ತ್ರಿಕೋನಗಳ ಪಟ್ಟಿ, ಅದರ ಮೂಲ ರೂಪದಲ್ಲಿ ಬಣ್ಣಕ್ಕೆ ಜಾಗವೇ ಇಲ್ಲ. ಹಾಗಾಗಿ ಚಿತ್ರದಲ್ಲಿ ಎಲ್ಲವೂ ಒಂದೇ ಬೂದು. ಸ್ಟೆಪ್ ಎಪಿ214 ಆದರೆ ಬಣ್ಣ ದಾಟುತ್ತೆ. 2017ರಲ್ಲಿ ಬಂದ ಜಿಎಲ್‌ಟಿಎಫ್ 2.0ರಲ್ಲಿ ಬಣ್ಣ, ಲೋಹತನ, ಒರಟುತನ ಮೂರಕ್ಕೂ ಜಾಗ ಇದೆ.

ಜಾಗ ಇದ್ದರೆ ಸಾಲದು, ಅಲ್ಲಿ ಏನು ತುಂಬಬೇಕು ಅಂತ ನಾವೇ ಹೇಳಬೇಕು. ಅದಕ್ಕೆ ಒಂದು ಟೇಬಲ್ ಮಾಡಿಕೊಂಡ್ವಿ. ರಬ್ಬರ್: ಲೋಹತನ 0, ಒರಟುತನ 0.8. ಸ್ಟೇನ್‌ಲೆಸ್ ಸ್ಟೀಲ್ ಬ್ಲೇಡ್: ಲೋಹತನ 1, ಒರಟುತನ 0.25. ಮಜಾ ಇರೋದು ಹಸಿರು ಪೇಂಟ್ ಹೊಡೆದ ಎಂಎಸ್ ಫ್ರೇಮ್‌ನಲ್ಲಿ. ಸ್ಟ್ರೆಸ್ ಲೆಕ್ಕಕ್ಕೆ ಅದು ಉಕ್ಕು. ಬೆಳಕಿಗೆ ಸಿಗೋದು ಮೇಲಿನ ಪೇಂಟ್ ಮಾತ್ರ, ಆದ್ದರಿಂದ ಲೋಹತನ 0!

ಬಣ್ಣದ ಅಂಕಿಯಲ್ಲೂ ಹುಷಾರಾಗಿರಬೇಕು. ಪರದೆಯ ಎಸ್‌ಆರ್‌ಜಿಬಿ ಲೆಕ್ಕದ 128 ಅನ್ನೋದು 255ರಲ್ಲಿ ಅರ್ಧ ನಿಜ, ಆದರೆ ರೆಂಡರರ್‌ನ ಲೀನಿಯರ್ ಲೆಕ್ಕದಲ್ಲಿ ಅದು ಸುಮಾರು 0.22. ಅಲ್ಲಿ 0.5 ಅಂತ ಹಾಕಿದರೆ ಬಣ್ಣ ಬಿಳಿಚಿಕೊಳ್ಳುತ್ತೆ.

ಟೇಬಲ್ ಕೆಲಸ ಮಾಡೋದು ಹೆಸರಿನ ಮೇಲೆ. ‘ಬಾಡಿ 12’ ಅಂತಿದ್ದರೆ ಯಾವ ಸ್ಕ್ರಿಪ್ಟ್‌ಗೂ ಏನೂ ಗೊತ್ತಾಗಲ್ಲ. ‘ರಬ್ಬರ್_ಕಪ್ಪು’ ಅಂತಿದ್ದರೆ ತಾನೇ ಹುಡುಕಿಕೊಳ್ಳುತ್ತೆ. ಮಾಡೆಲ್ ಶುರು ಮಾಡುವಾಗಲೇ ಹೆಸರಿಡಿ, ಹತ್ತು ನಿಮಿಷದ ಕೆಲಸ. ಮಷಿನ್ ಕೊಳ್ಳುವವರು ನಮ್ಮ ಕ್ಯಾಡ್ ಫೈಲ್ ತೆರೆದು ನೋಡಲ್ಲ. ಅವರ ಪಾಲಿಗೆ ಆ ಚಿತ್ರವೇ ಡಿಸೈನ್.