ನಾಮಕ್ಕಲ್: ಮೊಟ್ಟೆಯ ಊರಿನಲ್ಲಿ ಗಾಳಿಗೆ ಹೋಗುವ ಗೊಬ್ಬರ

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳನ್ನು ಹಾಯ್ದು, ಸೇಲಂ ದಾಟಿ ಸುಮಾರು 50 ಕಿ.ಮೀ. ದಕ್ಷಿಣಕ್ಕೆ ಸಾಗಿದರೆ ಬಯಲಿನ ನಡುವೆ ಭಾರಿ ಬಂಡೆಯೊಂದು ಎದ್ದು ಕಾಣುತ್ತದೆ. ಅದೇ ನಾಮಕ್ಕಲ್. ಬಂಡೆಯ ನೆತ್ತಿಯಲ್ಲಿ ಕೋಟೆ. ಬುಡದಲ್ಲಿ ಕಲ್ಲನ್ನೇ ಕೊರೆದು ಮಾಡಿದ ನರಸಿಂಹನ ಗುಡಿ. ಸಮೀಪದಲ್ಲೇ ಮೇಲ್ಛಾವಣಿ ಇಲ್ಲದೆ, ಬಿಸಿಲು ಮಳೆಗೆ ಮೈಯೊಡ್ಡಿ ಕೈಮುಗಿದು ನಿಂತ 18 ಅಡಿಯ ಆಂಜನೇಯ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಮನೆದೇವತೆ ನಾಮಗಿರಿ ತಾಯಾರ್ ನೆಲೆಸಿರುವುದೂ ಇಲ್ಲಿಯೇ.

ಆದರೆ ಇಂದು ಈ ಊರಿನ ಹೆಸರು ಮನೆಮಾತಾಗಿರುವುದು ಮೊಟ್ಟೆಯಿಂದ. 1997ರಲ್ಲಿ ಸೇಲಂನಿಂದ ಬೇರ್ಪಟ್ಟು ಜಿಲ್ಲೆಯಾದ ನಾಮಕ್ಕಲ್‌ನಲ್ಲಿ ದಿನವೂ ಕೋಟಿಗಟ್ಟಲೆ ಮೊಟ್ಟೆಗಳು ಲಾರಿ ಏರುತ್ತವೆ. ಕೇರಳದ ಅಂಗಡಿಗಳಿಗೂ ಕೊಲ್ಲಿ ರಾಷ್ಟ್ರಗಳ ಹಡಗುಗಳಿಗೂ ಇಲ್ಲಿಂದಲೇ ಸರಬರಾಜು. ಊರ ಹೊರಗೆ ಹೊರಟರೆ ಉದ್ದನೆಯ ಕೋಳಿ ಶೆಡ್ಡುಗಳು ಒಂದರ ಹಿಂದೊಂದು ಕಾಣಸಿಗುತ್ತವೆ. ಕಂಬಗಳ ಮೇಲೆ ಆಳೆತ್ತರದಲ್ಲಿ ತಂತಿಯ ಪಂಜರಗಳು, ಅವುಗಳಲ್ಲಿ ಸಾಲುಸಾಲು ಕೋಳಿಗಳು. ಹಿಕ್ಕೆ ಕೆಳಗಿನ ನೆಲದ ಮೇಲೆ ಬಿದ್ದು ತಿಂಗಳುಗಟ್ಟಲೆ ರಾಶಿಯಾಗುತ್ತದೆ.

ಗಾಳಿ ಆ ಕಡೆಯಿಂದ ಬೀಸಿದಾಗ ಬಸ್ಸಿನಲ್ಲಿ ಕುಳಿತ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ಕಣ್ಣು ಉರಿಸುವ ಆ ಘಾಟು ಬರಿಯ ಕೊಳಕಿನ ವಾಸನೆಯಲ್ಲ. ಅದು ಅಮೋನಿಯ. ಅಂದರೆ, ಹೊಲ ಸೇರಬೇಕಾಗಿದ್ದ ಸಾರಜನಕವೇ ಗಾಳಿಗೆ ಹಾರಿಹೋಗುತ್ತಿದೆ.

ಎಷ್ಟು ಹಾರಿಹೋಗುತ್ತದೆ? ಹೈಸ್ಕೂಲಿನ ಲೆಕ್ಕವೇ ಸಾಕು. ಮೊಟ್ಟೆಕೋಳಿಯೊಂದು ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. ಅದರಲ್ಲಿ ಶೇಕಡ 17ರಷ್ಟು ಪ್ರೋಟೀನು, ಎಂದರೆ ಸುಮಾರು 19 ಗ್ರಾಂ. ಪ್ರೋಟೀನನ್ನು 6.25ರಿಂದ ಭಾಗಿಸಿದರೆ ಸಾರಜನಕದ ತೂಕ ಸಿಗುತ್ತದೆ: 3 ಗ್ರಾಂ. ಮೊಟ್ಟೆಯೊಳಗೆ ಸೇರುವುದು ಸುಮಾರು 1 ಗ್ರಾಂ ಮಾತ್ರ. ಉಳಿದ 2 ಗ್ರಾಂ ಬಹುಪಾಲು ಹಿಕ್ಕೆಗೆ. ಒಂದು ಲಕ್ಷ ಕೋಳಿಗಳ ಫಾರಂ ಆದರೆ ದಿನಕ್ಕೆ 200 ಕಿಲೋ ಸಾರಜನಕ! 45 ಕಿಲೋ ಯೂರಿಯಾ ಚೀಲದಲ್ಲಿ ಇರುವ ಸಾರಜನಕ ಸುಮಾರು 20.7 ಕಿಲೋ. ಹೀಗೆ ಆ ಫಾರಂನ ಶೆಡ್ಡುಗಳ ಅಡಿಯಲ್ಲಿ ಪ್ರತಿದಿನ ಒಂಬತ್ತು ಚೀಲಕ್ಕೂ ಹೆಚ್ಚು ಯೂರಿಯಾ ಬಿದ್ದಂತಾಯಿತು.

ಕೋಳಿ ಬೇರೆಯಾಗಿ ಮೂತ್ರ ಮಾಡುವುದಿಲ್ಲ. ಹಿಕ್ಕೆಯ ಮೇಲೆ ಕಾಣುವ ಬಿಳಿ ಭಾಗವೇ ಯೂರಿಕ್ ಆಮ್ಲ. ಸಾರಜನಕದ ಹೆಚ್ಚಿನ ಪಾಲು ಇರುವುದು ಅಲ್ಲಿ. ಒಣಗಿದ್ದಷ್ಟು ಕಾಲ ಅದು ಭದ್ರ. ತೇವವೂ ಶಾಖವೂ ಸಿಕ್ಕೊಡನೆ ಸೂಕ್ಷ್ಮಜೀವಿಗಳು ಅದನ್ನು ಮೊದಲು ಯೂರಿಯಾ ಆಗಿ, ಅನಂತರ ಅಮೋನಿಯವಾಗಿ ಒಡೆಯುತ್ತವೆ. ನೀರಿನ ನಿಪ್ಪಲ್ ಸೋರಿದರೂ ಸಾಕು, ಕೆಳಗಿನ ರಾಶಿ ಘಾಟು ಬಿಡಲು ತೊಡಗುತ್ತದೆ.

ಹಾಗಾದರೆ ಹಿಕ್ಕೆಯನ್ನು ಕಾಂಪೋಸ್ಟ್ ಮಾಡಿಬಿಟ್ಟರೆ ಸಮಸ್ಯೆ ಮುಗಿಯಿತೇ? ಅಲ್ಲೇ ಇರುವುದು ತೊಡಕು. ಕಾಂಪೋಸ್ಟಿನಿಂದ ರೋಗಾಣುಗಳು ಸಾಯುತ್ತವೆ, ಕಳೆಬೀಜ ಸಾಯುತ್ತದೆ, ನೊಣದ ಕಾಟ ತಗ್ಗುತ್ತದೆ. ಆದರೆ ರಾಶಿ ಕಾವೇರಿದಾಗ, ಅದನ್ನು ಮಗುಚಿದಾಗಲೆಲ್ಲ ಅಮೋನಿಯ ಹೊರಬೀಳುತ್ತದೆ. ಬರೀ ಹಿಕ್ಕೆಯನ್ನೇ ಕಾಂಪೋಸ್ಟ್ ಮಾಡಿದರೆ ಅದರ ಸಾರಜನಕದಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧಕ್ಕೂ ಹೆಚ್ಚು ನಷ್ಟವಾಗಬಹುದು. ಅರ್ಧ ಹೋಯಿತೆಂದರೆ ಮೇಲಿನ ಲೆಕ್ಕದ ಫಾರಂನಲ್ಲಿ ದಿನಕ್ಕೆ ಐದು ಚೀಲದಷ್ಟು ಯೂರಿಯಾ ಗಾಳಿಪಾಲು. ಅದನ್ನು ಕೊಂಡ ರೈತ ದುಡ್ಡು ಕೊಡುವುದು ತೂಕಕ್ಕೆ. ಹೊಲಕ್ಕೆ ಬೀಳುವುದು ಸತ್ವ ಕಳೆದುಕೊಂಡ ಗೊಬ್ಬರ. ಆ ಕೊರತೆ ತುಂಬಲು ಆತ ಮತ್ತೆ ಯೂರಿಯಾ ಅಂಗಡಿಯ ಮುಂದೆ ನಿಲ್ಲಬೇಕು.

ನಷ್ಟಕ್ಕೆ ಮೂಲ ಕಾರಣ ಇಂಗಾಲದ ಕೊರತೆ. ಸೂಕ್ಷ್ಮಜೀವಿಗಳು ಸಾರಜನಕವನ್ನು ತಮ್ಮ ಮೈಯಲ್ಲಿ ಕಟ್ಟಿಕೊಳ್ಳಬೇಕಾದರೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಕೋಳಿಹಿಕ್ಕೆಯಲ್ಲಿ ಅದು ಸುಮಾರು 10 ಅಥವಾ ಅದಕ್ಕೂ ಕಡಿಮೆ. ತೆಂಗಿನ ನಾರಿನ ಪುಡಿಯಲ್ಲಾದರೋ 100ರ ಆಸುಪಾಸು. ಎರಡನ್ನೂ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಪಂಜರಗಳ ಕೆಳಗೇ ನಾರಿನ ಪುಡಿ ಹರಡಿ, ಹಿಕ್ಕೆಯ ಜೊತೆ ಕಾಂಪೋಸ್ಟ್ ಮಾಡುವ ವಿಧಾನವನ್ನು ರೈತರಿಗೆ ಹೇಳಿಕೊಡುತ್ತದೆ. ಪುಡಿ ತೇವವನ್ನೂ ಹೀರುತ್ತದೆ, ಅಮೋನಿಯವನ್ನೂ ಹಿಡಿದಿಡುತ್ತದೆ. ತೆಂಗು ಬೆಳೆಯುವ ಸೀಮೆಯಲ್ಲಿ ಇದಕ್ಕೆ ಬರವಿಲ್ಲ.

ಇನ್ನೊಂದು ಎಚ್ಚರ ಸುಣ್ಣದ ಬಗ್ಗೆ. ಅಮೋನಿಯಂ ಕ್ಲೋರೈಡಿಗೆ ಅರಳಿದ ಸುಣ್ಣ ಬೆರೆಸಿ ಕಾಯಿಸಿದರೆ ಅಮೋನಿಯ ಬರುತ್ತದೆಂಬುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಲಿಯುತ್ತಾರೆ. ನೊಣ ಓಡಿಸಲೆಂದು ಹಸಿ ಹಿಕ್ಕೆಯ ಮೇಲೆ ಸುಣ್ಣ ಎರಚಿದರೂ ನಡೆಯುವುದು ಹೆಚ್ಚುಕಡಿಮೆ ಅದೇ ಕ್ರಿಯೆ. ಇದಕ್ಕೆ ಬದಲಾಗಿ ಸೂಪರ್ ಫಾಸ್ಫೇಟ್ ಬೆರೆಸಿದರೆ ಸಾರಜನಕ ಲವಣವಾಗಿ ಉಳಿಯುತ್ತದೆ, ರಂಜಕವೂ ಸೇರುತ್ತದೆ.

ಹಾರಿಹೋದ ಅಮೋನಿಯ ಮಳೆಯೊಂದಿಗೆ ಎಲ್ಲೋ ಇಳಿಯುತ್ತದೆ. ಮಳೆಗೆ ತೊಯ್ದ ರಾಶಿಯಿಂದ ನೈಟ್ರೇಟ್ ಬಸಿದು ಬಾವಿ ಸೇರಬಹುದು. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಆದ್ದರಿಂದ ರಾಶಿಗೆ ಸೂರು ಬೇಕು, ಅಡಿಯಲ್ಲಿ ಗಟ್ಟಿ ನೆಲ ಬೇಕು.

ಘಾಟು ಜೋರಾಗಿದ್ದರೆ ಗೊಬ್ಬರವೂ ಜೋರು ಎಂದುಕೊಂಡು ಕೊಳ್ಳುವವರಿಗೆ ನಾಮಕ್ಕಲ್‌ನ ಗಾಳಿ ಬೇರೆಯದನ್ನೇ ಹೇಳುತ್ತದೆ. ಮನೆಯಲ್ಲಿ ತೋಟವಿದ್ದವರು ಕೋಳಿಗೊಬ್ಬರವನ್ನು ಮೇಲೆ ಚೆಲ್ಲಿ ಬಿಡದೆ ಅಂದೇ ಮಣ್ಣಿನಲ್ಲಿ ಬೆರೆಸುವುದು ಲೇಸು. ವಿದ್ಯಾರ್ಥಿಗಳು ಕೆಂಪು ಲಿಟ್ಮಸ್ ಕಾಗದವನ್ನು ಒದ್ದೆ ಮಾಡಿ ಗೊಬ್ಬರದ ರಾಶಿಯ ಮೇಲೆ ಹಿಡಿದು ನೋಡಬಹುದು. ಕಾಗದ ನೀಲಿಯಾದರೆ, ಆ ರಾಶಿಯ ಮೇಲೆ ಎರಡು ಬುಟ್ಟಿ ನಾರಿನ ಪುಡಿ ಹರಡಬೇಕೆಂದು ಅಪ್ಪನಿಗೆ ಹೇಳಲು ತಡಮಾಡಬಾರದು.