ಸಿದ್ದಾಪುರದ ಘಟ್ಟವೂ ಕಾಲಿನ ನೋವೂ

ಕುಂದಾಪುರದ ಕಡಲಿಗೆ ಬೆನ್ನು ಮಾಡಿ ಮೂಡಣಕ್ಕೆ ಹೊರಟ ಬಸ್ಸು ಬಸರೂರು, ಕಂಡ್ಲೂರುಗಳನ್ನು ದಾಟಿ ಸಾಗಿದಂತೆಲ್ಲ ತೆಂಗು ಹಿಂದಾಗಿ ಅಡಕೆ ಮುಂದಾಗುತ್ತದೆ. ಉಪ್ಪುಗಾಳಿ ಮರೆಯಾಗಿ ಹಸಿಮಣ್ಣಿನ ಕಂಪು ಮೂಗಿಗೆ ತಾಗುವ ಹೊತ್ತಿಗೆ ಸಿದ್ದಾಪುರ ಬರುತ್ತದೆ. ಊರು ದೊಡ್ಡದಲ್ಲ, ಆದರೆ ಕಣ್ಣೆತ್ತಿದರೆ ಸಹ್ಯಾದ್ರಿಯೇ ಎದುರಿಗೆ. ಸಮೀಪದಲ್ಲಿಯೇ ಕುಬ್ಜಾ ನದಿಯ ದಡದ ಕಮಲಶಿಲೆ. ಮುಂದೆ ಹೊಸಂಗಡಿ, ಅಲ್ಲಿ ನೆಲದಡಿಯಲ್ಲಿ ಅಡಗಿ ಕುಳಿತ 460 ಮೆಗಾವಾಟಿನ ವಾರಾಹಿ ವಿದ್ಯುದಾಗಾರ. ಅದನ್ನು ದಾಟಿದರೆ ಬಾಳೆಬರೆ ಘಾಟಿ, ಅದರ ನೆತ್ತಿಯ ಮೇಲೆ ಸುಮಾರು 600 ಮೀಟರ್ ಎತ್ತರದ ಹುಲಿಕಲ್ಲು.

ಕೆಳದಿಯ ಅರಸರ ಕಾಲದಲ್ಲಿ ಮಲೆನಾಡಿನ ಮೆಣಸು ಹೇರೆತ್ತುಗಳ ಬೆನ್ನೇರಿ ಘಟ್ಟವಿಳಿದು ಕರಾವಳಿಯ ಬಂದರುಗಳನ್ನು ಸೇರುತ್ತಿತ್ತು. ಎತ್ತಿನ ಜೊತೆಗೆ ಮನುಷ್ಯನೂ ನಡೆಯುತ್ತಿದ್ದನಲ್ಲವೆ? ಆ ಕಾಲುಗಳ ಕಷ್ಟವನ್ನು ಯಾವ ಶಾಸನವೂ ಹೇಳುವುದಿಲ್ಲ. ಅದರ ರುಚಿಯನ್ನು ಕಳೆದ ರಜೆಯಲ್ಲಿ ನಾವು ಮೂವರು ಅಧ್ಯಾಪಕರು ಕಂಡೆವು. ಘಾಟಿಯನ್ನು ನಡೆದೇ ಹತ್ತಿ, ನಡೆದೇ ಇಳಿದೆವು. ಆ ದಿನ ಏನೂ ಆಗಲಿಲ್ಲ. ಮರುದಿನ ಜಗಲಿಯ ಮೆಟ್ಟಿಲಿಳಿಯುವುದೇ ದುಸ್ತರವಾಯಿತು.

“ಮೇಲೆ ಗಾಳಿ ತೆಳುವಲ್ಲವೆ, ಅದಕ್ಕೇ ಹೀಗೆ” ಎಂದರು ಮಿತ್ರರೊಬ್ಬರು. ನಮಗೆ ಆಸರೆಯಿತ್ತ ಮನೆಯ ಹಿರಿಯರು ನಕ್ಕರು. “ಗಟ್ಟ ಹತ್ತೂದಲ್ಲ ಮಾಷ್ಟ್ರೆ, ಇಳೂದೇ ಕಾಲ್ ತಿಂಬುದ್ ಕಾಣಿ.”

ವಿಜ್ಞಾನ ಹಿರಿಯರ ಪಕ್ಷಕ್ಕೇ ಸೇರುತ್ತದೆ. ಹುಲಿಕಲ್ಲಿನಲ್ಲಿ ಉಸಿರಿಗೆ ದೊರೆಯುವ ಆಮ್ಲಜನಕ ಕಡಲತಡಿಗಿಂತ ಶೇಕಡಾ ಏಳರಷ್ಟು ಮಾತ್ರ ಕಡಿಮೆ. ಆದರೆ ಇಳಿಯುವಾಗ ತೊಡೆಯ ಸ್ನಾಯು ಬಿಗಿದುಕೊಂಡೇ ಹಿಗ್ಗಬೇಕಾಗುತ್ತದೆ. ಆಗ ಅದರ ಎಳೆಗಳು ಅಲ್ಲಲ್ಲಿ ಹರಿಯುತ್ತವೆ. ಮರುದಿನದ ನೋವು ಅದರ ಫಲ.

ಹರಿದುದನ್ನು ಹೊಲಿಯುವವರು ಯಾರು? 1961ರಲ್ಲಿ ಅಲೆಕ್ಸಾಂಡರ್ ಮೌರೋ ಎಂಬ ವಿಜ್ಞಾನಿ ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಎಳೆಗಳ ಮಗ್ಗುಲಿಗೆ ಅಂಟಿಕೊಂಡ ಪುಟ್ಟ ಕೋಶಗಳನ್ನು ಕಂಡನು. ಅವೇ ಸ್ನಾಯುವಿನ ಆಕರಕೋಶಗಳು. ಸುಮ್ಮನಿದ್ದಾಗ ನಿದ್ರಿಸುತ್ತವೆ, ಗಾಯವಾದರೆ ಎದ್ದು, ಒಂದು ಹಲವಾಗಿ, ಕೆಲವು ಹೊಸ ಎಳೆಯಾಗುತ್ತವೆ, ಕೆಲವು ಮುಂದಿನ ಆಪತ್ತಿಗೆಂದು ಮತ್ತೆ ಮಲಗುತ್ತವೆ.

ಸೋಜಿಗವಿರುವುದು ಇಲ್ಲಿ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21. ಸ್ನಾಯುವಿನ ಒಳಗೆ ಅದು ಇದಕ್ಕಿಂತ ಬಹಳ ಕಡಿಮೆ. ಆ ಕೊರತೆಯೇ ಈ ಕೋಶಗಳಿಗೆ ಹಿತ! ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಸಂಶೋಧಕರು 2012ರಲ್ಲಿ ಇಲಿಯ ಆಕರಕೋಶಗಳನ್ನು ಶೇಕಡಾ ಒಂದರಷ್ಟೇ ಆಮ್ಲಜನಕದಲ್ಲಿ ಬೆಳೆಸಿದರು. ಅವು ಎಳೆಗಳಾಗಲು ಅವಸರಪಡದೆ ತಮ್ಮಂಥವೇ ಆಕರಕೋಶಗಳನ್ನು ಹೆಚ್ಚಿಸಿಕೊಂಡವು. ಇಲಿಯ ಸ್ನಾಯುವಿಗೆ ನೆಟ್ಟಾಗ ಚೆನ್ನಾಗಿ ನಾಟಿಕೊಂಡವು. ಬೀಜದ ಭತ್ತವನ್ನು ಉಣ್ಣದೆ ಕಾಪಿಡುವ ಒಕ್ಕಲಿನ ಜಾಣತನವೇ ಇದು. ಆದರೆ ಬೀಜ ಪೈರಾಗಬೇಕಾದರೆ ನೀರು ಬೇಕು. ಕೋಶ ಎಳೆಯಾಗಬೇಕಾದರೆ ರಕ್ತವೂ ಆಮ್ಲಜನಕವೂ ಸಾಕಷ್ಟು ಒದಗಬೇಕು. ಕೊರತೆ ಅತಿಯಾದರೆ ಕೆಡುಕೇ. ಹಿಮಾಲಯದಲ್ಲಿ 5,000 ಮೀಟರಿಗೂ ಮೇಲೆ ವಾರಗಟ್ಟಲೆ ಇದ್ದು ಬಂದವರ ತೊಡೆಯ ಸ್ನಾಯು ಸುಮಾರು ಹತ್ತನೆಯ ಒಂದು ಪಾಲು ಕರಗಿದ್ದುದುಂಟು. ಆಮ್ಲಜನಕದ ಏರಿಳಿತವನ್ನು ಜೀವಕೋಶ ಹೇಗೆ ಅರಿಯುತ್ತದೆಂಬುದನ್ನು ಕಂಡುಕೊಂಡ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇದನ್ನೆಲ್ಲ ನಾನು ತರಗತಿಯ ಧಾಟಿಯಲ್ಲಿ ಬಣ್ಣಿಸುತ್ತಿದ್ದಾಗ ಹಿರಿಯರು ಮೌನವಾಗಿ ಕೇಳಿದರು. ಮಳೆಗಾಲದಲ್ಲಿ ತೋಟದ ಸಂಕದಿಂದ ಜಾರಿ ಕಾಲು ಮುರಿದುಕೊಂಡು ಎರಡು ತಿಂಗಳು ಮಲಗಿದ್ದವರು ಅವರು. ಮೂಳೆ ಕೂಡಿತ್ತು, ತೊಡೆ ಮಾತ್ರ ಸೊರಗಿತ್ತು. ವೈದ್ಯರು ನಡೆಯಿರಿ ಎಂದಿದ್ದರೂ ಮಕ್ಕಳಿಗೆ ಅಂಜಿಕೆ. “ಹಂಗಾರೆ ನಾ ನಡೀಕಾ, ಮನಿಕಣ್ಕಾ?” ಎಂದು ಕೇಳಿದರು.

ವಯಸ್ಸಾದಂತೆ ಆಕರಕೋಶಗಳ ಚುರುಕು ತಗ್ಗುತ್ತದೆ, ನಿಜ, ಪೂರ್ಣ ಸಾಯುವುದಿಲ್ಲ. ನೆಲೆಯಾಗಿ ಅವು ಆಯ್ದುಕೊಂಡಿರುವುದು ನವಿರಾದ ರಕ್ತನಾಳಗಳ ಸಮೀಪವನ್ನೇ. ದುಡಿಯುವ ಸ್ನಾಯುವಿನಲ್ಲಿ ಆ ನಾಳಗಳು ಹೆಚ್ಚುತ್ತವೆ, ಮಲಗಿದ ಸ್ನಾಯು ಕರಗುತ್ತದೆ. “ವೈದ್ಯರು ಹೇಳಿದಷ್ಟು ನಡೆಯಿರಿ” ಎಂದೆ. ಮಗನ ಮುಖ ನೋಡಿ, ಊರುಗೋಲನ್ನು ತರಿಸಿಕೊಂಡು, ಅವರು ಅಂಗಳಕ್ಕಿಳಿದರು.